ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಹಾಕುವ ಮೊದಲು ಓಡಿಸಿ ನೋಡಿ

ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳನ್ನು ಒಪ್ಪುವುದೇ ಇಲ್ಲ. ಹಾಗಾಗಿ ಏನೂ ಕೆಡದ ಕಂಪ್ಯೂಟರ್ ಎಷ್ಟೋ ಮನೆಗಳಲ್ಲಿ ಮೂಲೆ ಸೇರಿದೆ. ‘ಲಿನಕ್ಸ್ ಹಾಕಿ’ ಎಂದು ಯಾರಾದರೂ ನಿಮಗೆ ಹೇಳಿಯೂ ಇರಬಹುದು. ಹಾಗೆ ಹೇಳುವವರು ಮರೆಯುವ ಮಾತೊಂದಿದೆ: ನೋಡಲಿಕ್ಕಾಗಿ ಹಾಕಲೇಬೇಕೆಂದಿಲ್ಲ. ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು, ನೀವಾಗಿ ಮುಟ್ಟದಿದ್ದರೆ ಹಾರ್ಡ್‌ಡಿಸ್ಕಿನಲ್ಲಿರುವುದು ಇದ್ದ ಹಾಗೇ ಇರುತ್ತದೆ. ಇದನ್ನು ‘ಲೈವ್’ ಎನ್ನುತ್ತಾರೆ.

ಲಿನಕ್ಸ್ ಎಂಬುದು ನಿಜವಾಗಿ ಒಳಗಿನ ತಿರುಳು ಮಾತ್ರ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅದನ್ನು ಬರೆಯತೊಡಗಿದರು. ಅದರ ಮೇಲೆ ಡೆಸ್ಕ್‌ಟಾಪ್, ಬ್ರೌಸರ್, ಕಚೇರಿ ತಂತ್ರಾಂಶಗಳನ್ನೆಲ್ಲ ಜೋಡಿಸಿ ಕೊಡುವ ಕಟ್ಟಿಗೆ ಡಿಸ್ಟ್ರೋ ಎಂದು ಹೆಸರು. ನೂರಾರು ಡಿಸ್ಟ್ರೋಗಳಿವೆ. ಹೊಸಬರು ದಾರಿ ತಪ್ಪುವುದು ಇಲ್ಲಿಯೇ: ಯಾವುದು ಉತ್ತಮ ಎಂದು ಓದುತ್ತಾ ವಾರಗಟ್ಟಲೆ ಕಳೆದುಬಿಡುತ್ತಾರೆ. ಅಷ್ಟು ಬೇಡ. ಹಗುರವೋ ಭಾರವೋ ಎಂಬುದು ಬಹುಪಾಲು ಡೆಸ್ಕ್‌ಟಾಪ್ ಮೇಲೆ ನಿಂತಿದೆ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ಮೆನು ಕೆಳಗೆ ಎಡಮೂಲೆಯಲ್ಲಿ, ಗಡಿಯಾರ ಬಲಮೂಲೆಯಲ್ಲಿ. ವಿಂಡೋಸ್ ಬಳಸಿದ ಕೈಗೆ ಹೊಸದೆನಿಸುವುದಿಲ್ಲ. 2 ಜಿಬಿಯಲ್ಲೂ ಅದು ಏಳುತ್ತದೆ, ಆದರೆ ಏದುಸಿರು ಬಿಡುತ್ತದೆ. ಲುಬುಂಟು ಕೂಡ ಚೆನ್ನಾಗಿದೆ. ಇನ್ನೂ ಬಡ ಯಂತ್ರಕ್ಕೆ ಆಂಟಿಎಕ್ಸ್ ಇದೆ, 512 ಎಂಬಿ ರ‍್ಯಾಮ್ ಸಾಕೆನ್ನುತ್ತದೆ. ಆದರೆ ಮೊದಲ ಪರಿಚಯಕ್ಕೆ ನಾನು ಅದನ್ನು ಹೇಳುವುದಿಲ್ಲ. ಅದರ ಮುಖ ಸ್ವಲ್ಪ ಗಡುಸು.

ಈಗ ಕೆಲಸಕ್ಕೆ ಬರೋಣ. ಮಿಂಟ್‌ನ ಅಧಿಕೃತ ತಾಣದಿಂದಲೇ ಐಎಸ್‌ಒ ಫೈಲ್ ಇಳಿಸಿಕೊಳ್ಳಿ, ಸುಮಾರು 3 ಜಿಬಿ. ಫೈಲು ಬದಲಾಗಿಲ್ಲವೆಂದು ತಿಳಿಯಲು ಅದರ ಶಾ256 ಮೊತ್ತವನ್ನು ಅಲ್ಲೇ ಕೊಟ್ಟಿರುವ ಮೊತ್ತದೊಂದಿಗೆ ಹೋಲಿಸಿ ನೋಡಿ. ಇದು ಅತಿ ಎಚ್ಚರಿಕೆಯಲ್ಲ. 2016ರ ಫೆಬ್ರುವರಿಯಲ್ಲಿ ಕಿಡಿಗೇಡಿಗಳು ಮಿಂಟ್‌ನ ತಾಣಕ್ಕೇ ನುಗ್ಗಿ, ಕಳ್ಳಬಾಗಿಲಿಟ್ಟ ಫೈಲಿನತ್ತ ಜನರನ್ನು ತಿರುಗಿಸಿದ್ದರು. ಆಮೇಲೆ 8 ಜಿಬಿಯ ಪೆನ್‌ಡ್ರೈವ್‌ಗೆ ರೂಫಸ್ ತಂತ್ರಾಂಶದಿಂದ ಅದನ್ನು ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೊ ಇದ್ದರೆ ಮೊದಲೇ ತೆಗೆದಿಡಿ. ಬರೆಯುವುದೆಂದರೆ ಬರಿ ಕಾಪಿ ಮಾಡಿ ಪೇಸ್ಟ್ ಮಾಡುವುದಲ್ಲ; ಹಾಗೆ ಮಾಡಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಏಳುವುದಿಲ್ಲ. ಮುಗಿದ ಮೇಲೆ ಅದನ್ನು ಸಿಕ್ಕಿಸಿಯೇ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ತೆರೆ ಬೆಳಗುತ್ತಿದ್ದಂತೆ ಬೂಟ್ ಮೆನುವಿನ ಕೀಲಿಯನ್ನು ಒತ್ತುತ್ತಿರಿ. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ಡೆಸ್ಕ್‌ಟಾಪ್ ಬಂತು. ‘ಇನ್‌ಸ್ಟಾಲ್’ ಎಂಬ ಚಿತ್ರ ಎದುರಿಗೇ ಇರುತ್ತದೆ. ಸದ್ಯಕ್ಕೆ ಅದರ ತಂಟೆಗೆ ಹೋಗಬೇಡಿ. ಪೆನ್‌ಡ್ರೈವ್‌ನಿಂದ ಓದುತ್ತಿರುವುದರಿಂದ ಎಲ್ಲವೂ ಮೊದಲ ಸಲ ನಿಧಾನವಾಗಿ ತೆರೆಯುತ್ತದೆ. ಅದನ್ನು ನೋಡಿ ಲಿನಕ್ಸೇ ನಿಧಾನ ಎಂದು ತೀರ್ಮಾನಿಸಬಾರದು. ನೋಡಬೇಕಾದ್ದು ಬೇರೆ. ವೈಫೈ ಸಿಕ್ಕಿತೇ? ಕೆಲವು ಬ್ರಾಡ್‌ಕಾಮ್ ಚಿಪ್‌ಗಳಿಗೆ ಡ್ರೈವರ್ ಬೇರೆಯಾಗಿ ಹಾಕಬೇಕಾಗುತ್ತದೆ. ಧ್ವನಿ, ವೆಬ್‌ಕ್ಯಾಮ್ ಸರಿಯಿವೆಯೇ? ಮುಚ್ಚಳ ಮುಚ್ಚಿ ತೆರೆದರೆ ಲ್ಯಾಪ್‌ಟಾಪ್ ಎಚ್ಚರಗೊಳ್ಳುತ್ತದೆಯೇ? ಪ್ರಿಂಟರ್ ಜೋಡಿಸಿ ಒಂದು ಹಾಳೆ ತೆಗೆಯಿರಿ. ಎಚ್‌ಪಿಯ ಬಹಳಷ್ಟು ಮಾದರಿಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ನಮ್ಮ ಡಿಟಿಪಿ ಅಂಗಡಿಗಳ ಮೆಚ್ಚಿನ ಕ್ಯಾನನ್ ಎಲ್‌ಬಿಪಿ 2900ಕ್ಕೆ ಮಾತ್ರ ಡ್ರೈವರ್ ಹುಡುಕಿ ಹಾಕುವ ಪಾಡು ಇದ್ದೇ ಇದೆ.

ಕನ್ನಡದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಓದುವುದಕ್ಕೆ ತೊಂದರೆಯಿಲ್ಲ. ಬರೆಯಲು ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ ಸೇರಿಸಿಕೊಳ್ಳಿ. ಇನ್‌ಸ್ಕ್ರಿಪ್ಟ್ ಜೊತೆಗೆ ಕಗಪ ವಿನ್ಯಾಸವೂ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಅಲ್ಲಲ್ಲಿ ವ್ಯತ್ಯಾಸ ಕಾಣಬಹುದು, ಆದ್ದರಿಂದ ಲಿಬ್ರೆಆಫೀಸ್ ತೆರೆದು ಒಂದಿಡೀ ಪುಟ ಟೈಪ್ ಮಾಡಿಯೇ ನೋಡಿ. ನುಡಿಯ ಹಳೆಯ ಆಸ್ಕಿ ಫೈಲುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರಿದರೆ ಗಾಬರಿಯಾಗಬೇಡಿ. ಆ ಫಾಂಟ್ ಇಲ್ಲಿಲ್ಲ, ಅಷ್ಟೇ, ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಮಾತ್ರ ಆ ಯಂತ್ರದಲ್ಲಿ ವಿಂಡೋಸನ್ನೇ ಉಳಿಸಿಕೊಳ್ಳಲಿ. ಟ್ಯಾಲಿಗೆ ಲಿನಕ್ಸ್ ಆವೃತ್ತಿಯಿಲ್ಲ.

ಇನ್ನು ವೇಗದ ಮಾತು: ಹಗುರ ಡೆಸ್ಕ್‌ಟಾಪ್ ಹಾಕಿದ ಮಾತ್ರಕ್ಕೆ ಯೂಟ್ಯೂಬ್ ಹಗುರವಾಗದು. ಹತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್ ಯಾವ ವ್ಯವಸ್ಥೆಯಲ್ಲೂ ರ‍್ಯಾಮ್ ನುಂಗುತ್ತದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ಚುರುಕು ಯಾವ ಡಿಸ್ಟ್ರೋ ಬದಲಾಯಿಸಿದರೂ ಸಿಗದು. ಹಣವಿದ್ದರೆ ಮೊದಲು ಅದನ್ನು ಮಾಡಿಸಿ.

ಲೈವ್‌ನಲ್ಲಿ ಮಾಡಿದ ಬದಲಾವಣೆ, ಉಳಿಸಿದ ಕಡತ ಎಲ್ಲವೂ ಕಂಪ್ಯೂಟರ್ ಆರಿಸಿದೊಡನೆ ಮಾಯ. ಆದ್ದರಿಂದ ಧೈರ್ಯವಾಗಿ ಒತ್ತಿ, ಕೆಡಿಸಿ, ಮತ್ತೆ ಶುರು ಮಾಡಿ. ಆದರೆ ಹಾರ್ಡ್‌ಡಿಸ್ಕಿನ ಫೋಲ್ಡರ್‌ಗಳೊಳಗೆ ಹೋಗಿ ಏನನ್ನೂ ಅಳಿಸಬೇಡಿ, ಅದು ನಿಜವಾಗಿಯೇ ಅಳಿಯುತ್ತದೆ. ನಾಲ್ಕಾರು ದಿನ ನೋಡಿ ಮನಸ್ಸಿಗೆ ಬಂದರೆ ಆಗ ಇನ್‌ಸ್ಟಾಲ್. ಅಲ್ಲಿ ವಿಂಡೋಸ್ ಪಕ್ಕದಲ್ಲೇ ಇಡುವುದೋ, ಇಡೀ ಡಿಸ್ಕ್ ಅಳಿಸುವುದೋ ಎಂದು ಕೇಳುತ್ತದೆ. ಎರಡನೆಯದನ್ನು ಆರಿಸಿದರೆ ಹಿಂದಕ್ಕೆ ದಾರಿಯಿಲ್ಲ. ಯಾವುದನ್ನೇ ಆರಿಸಿದರೂ, ಮೊದಲು ನಿಮ್ಮ ಕಡತಗಳ ಬ್ಯಾಕಪ್ ತೆಗೆದು, ಅದರಲ್ಲಿ ಒಂದೆರಡನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲಷ್ಟೇ ಮುಂದಿನ ಗುಂಡಿ ಒತ್ತಿ.