ಕರಿಬೇವು ಸತ್ತಿರಲಿಲ್ಲ

ಚಳಿಗೆ ಕಪ್ಪಾಗಿ ಒಣಗಿ ನಿಂತ ಕರಿಬೇವಿನ ಗಿಡವನ್ನು ಮೇ ತಿಂಗಳು ಮುಗಿಯುವವರೆಗೆ ಯಾರೂ ಕೀಳಬೇಡಿ. ಹ್ಯೂಸ್ಟನ್ನಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದು. ಗಂಡ ಹೇಳಲಿ, ಮೈದುನ ಹೇಳಲಿ, ಬಡಾವಣೆಯ ಸಂಘದಿಂದ ನೋಟಿಸೇ ಬರಲಿ, ಕೀಳಬೇಡಿ. ನನಗೆ ಈ ಮೂರೂ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಊರಿಗೆ ಹೊಸದಾಗಿ ಬಂದವರು ‘ಇದು ಥೇಟ್ ಮಂಗಳೂರು’ ಅನ್ನುತ್ತಾರೆ. ಅನ್ನಿಸುವುದೂ ಸಹಜ. ಪಕ್ಕದಲ್ಲಿ ಕೊಲ್ಲಿ, ವರ್ಷಕ್ಕೆ ಸುಮಾರು 50 ಇಂಚು ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಗೆ ಅಂಟಿಕೊಂಡೇ ಇರುವ ಬೆವರು. ಬಾಳೆ ಬರುತ್ತದೆ, ದಾಸವಾಳ ಬರುತ್ತದೆ, ಗುಂಡುಮಲ್ಲಿಗೆ ಮೊಳಗಟ್ಟಲೆ ಬಿಡುತ್ತದೆ. ಆದರೆ ಮಂಗಳೂರಿಗೆ ಬೆನ್ನ ಹಿಂದೆ ಘಟ್ಟವಿದೆ. ಇಲ್ಲಿಂದ ಉತ್ತರಕ್ಕೆ ಕೆನಡಾದವರೆಗೂ ಬರೀ ಬಯಲು. ಅಲ್ಲಿಂದ ಹೊರಟ ಶೀತಗಾಳಿಗೆ ಅಡ್ಡ ಬರಲು ಒಂದು ಗುಡ್ಡವೂ ಇಲ್ಲ. ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಕೂತವರು ರಾತ್ರಿ ಕಂಬಳಿ ಹುಡುಕಬೇಕಾಗುತ್ತದೆ. ಎಷ್ಟೋ ಚಳಿಗಾಲಗಳು ಒಂದೆರಡು ಸಣ್ಣ ಹಿಮದ ರಾತ್ರಿಗಳಲ್ಲೇ ಮುಗಿದುಹೋಗುವುದರಿಂದ ಗಿಡಗಳು ಆಳೆತ್ತರ ಬೆಳೆಯುತ್ತವೆ, ನಾವೂ ಧೈರ್ಯವಾಗಿ ಇರುತ್ತೇವೆ. ಆಮೇಲೊಂದು ವರ್ಷ 2021 ಬರುತ್ತದೆ.

ನಮ್ಮ ಮನೆ ಶುಗರ್‌ಲ್ಯಾಂಡ್ ಕಡೆ. ದಕ್ಷಿಣದ ಇಟ್ಟಿಗೆ ಗೋಡೆಯ ಪಕ್ಕ ಕರಿಬೇವು, ಅದರಿಂದ ಸ್ವಲ್ಪ ದೂರದಲ್ಲಿ ನುಗ್ಗೆ. ಕರಿಬೇವನ್ನು ಮಗಳು ಹುಟ್ಟಿದ ವರ್ಷ ನೆಟ್ಟಿದ್ದೆ. 2021ರ ಹೊತ್ತಿಗೆ ಅದು ಛಾವಣಿಯ ಅಂಚು ಮುಟ್ಟಿತ್ತು. ನಮ್ಮ ಬೀದಿಯ ತಮಿಳರು, ತೆಲುಗರು, ಗುಜರಾತಿಗಳು ಎಲ್ಲರ ಒಗ್ಗರಣೆಗೂ ಅದೇ ಗಿಡದ ಸೊಪ್ಪು.

ಆ ಫೆಬ್ರವರಿಯಲ್ಲಿ ಚಳಿ ಬರುತ್ತದೆಂದು ಹವಾಮಾನದವರು ಮೊದಲೇ ಹೇಳಿದ್ದರು. ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ. ಹಿಂದಿನ ದಿನವೇ ಬುಡಕ್ಕೆ ಚೆನ್ನಾಗಿ ನೀರು ಬಿಟ್ಟೆ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಬಿಸಿಯನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಬುಡದ ಸುತ್ತ ಪೈನ್ ಎಲೆ ಮತ್ತು ಮಲ್ಚ್ ಅನ್ನು ಮೊಣಕಾಲೆತ್ತರ ಒಟ್ಟಿದೆ. ಏಣಿ ಹಾಕಿ ಹಳೆಯ ಹತ್ತಿ ಬೆಡ್‌ಶೀಟುಗಳನ್ನು ಹೊದಿಸಿ, ಅಂಚು ನೆಲಕ್ಕೆ ತಾಗುವಂತೆ ಇಳಿಬಿಟ್ಟು ಇಟ್ಟಿಗೆ ಹೇರಿದೆ. ಒಳಗೆ ಹಳೇ ಕಾಲದ ಕ್ರಿಸ್‌ಮಸ್ ಬಲ್ಬಿನ ಸರ ಸುತ್ತಿದೆ. ಈಗಿನ ಎಲ್‌ಇಡಿ ಸರ ಶಾಖ ಕೊಡುವುದಿಲ್ಲ, ಹಳೆಯದೇ ಬೇಕು. ಭಾನುವಾರ, 14ನೇ ತಾರೀಖು ರಾತ್ರಿ ಕಿಟಕಿಯಿಂದ ನೋಡಿದರೆ ಗಿಡ ಗುಡಾರದೊಳಗೆ ದೀಪ ಹಚ್ಚಿಟ್ಟಂತೆ ಕಾಣುತ್ತಿತ್ತು. ಹೊರಗೆ ಮಳೆ ಬೀಳುತ್ತ ಬೀಳುತ್ತಲೇ ಮಂಜುಗಡ್ಡೆಯ ಹರಳಾಗುತ್ತಿತ್ತು.

ನಡುರಾತ್ರಿ ಕಳೆದ ಮೇಲೆ ಎಚ್ಚರವಾಯಿತು. ಹೀಟರಿನ ಸದ್ದು ನಿಂತುಹೋಗಿತ್ತು. ಎದ್ದು ಕಿಟಕಿಗೆ ಹೋದರೆ ಬೆಡ್‌ಶೀಟಿನೊಳಗಿನ ಬೆಳಕಿಲ್ಲ, ಬೀದಿದೀಪವಿಲ್ಲ, ಎದುರು ಮನೆಯೂ ಕಾಣುವುದಿಲ್ಲ. ಸರದಿಯ ಮೇಲೆ ಸ್ವಲ್ಪ ಹೊತ್ತು ಕರೆಂಟ್ ತೆಗೆಯುತ್ತೇವೆ ಎಂದಿದ್ದರು. ಕಾದೆ. ನಮ್ಮ ಸರದಿ ಮುಗಿಯಲೇ ಇಲ್ಲ.

ಗ್ಯಾಸ್ ಒಲೆ ಇದ್ದದ್ದು ಪುಣ್ಯ. ಬೆಂಕಿಕಡ್ಡಿಯಿಂದ ಹಚ್ಚಿ ದೊಡ್ಡ ಕುಕ್ಕರಿನಲ್ಲಿ ನೀರು ಕಾಯಿಸಿದೆ. ಹಬೆ ಬಂದ ಮೇಲೆ ಮುಚ್ಚಳ ಬಿಗಿದು, ಟಾರ್ಚನ್ನು ಬಾಯಲ್ಲಿ ಕಚ್ಚಿ, ಹಿಂಬಾಗಿಲು ತೆಗೆದು ಹೊರಟೆ. ಅಂಗಳದ ಕಲ್ಲು ಗಾಜಾಗಿತ್ತು. ಕೂತುಕೊಂಡೇ ಜರುಗಿದೆ. ಬೆಡ್‌ಶೀಟಿನ ಅಂಚು ಎತ್ತಲು ಹೋದರೆ ಬಗ್ಗಲೇ ಇಲ್ಲ, ಒಣಗಿದ ಹಪ್ಪಳದ ಹಾಗೆ ಲಟಕ್ಕೆಂದಿತು. ಸಂದಿಯಲ್ಲಿ ಕುಕ್ಕರನ್ನು ಬುಡದ ಹತ್ತಿರ ತಳ್ಳಿ, ಅಂಚು ಮುಚ್ಚಿ, ಮತ್ತೆ ಒಳಗೆ ಬಂದೆ. ಬೆಳಗಾಗುವವರೆಗೆ ಇದೇ ಕೆಲಸ. ಒಮ್ಮೆ ನೀರು, ಒಮ್ಮೆ ಮಗಳ ಮೇಲೆ ಇನ್ನೊಂದು ರಜಾಯಿ. ‘ಗಿಡಕ್ಕೋಸ್ಕರ ಸಾಯ್ತೀಯಾ?’ ಎಂದು ಇವರು ಬಾಗಿಲಲ್ಲಿ ನಿಂತು ಬೈದರು. ಬೈಯಲಿ. ಆ ಮನೆಯಲ್ಲಿ ಆ ರಾತ್ರಿ ಕೈಯಲ್ಲಿ ಆಗುವ ಕೆಲಸ ಅದೊಂದೇ ಇತ್ತು.

ಮಂಗಳವಾರ ಬೆಳಿಗ್ಗೆ ಹ್ಯೂಸ್ಟನ್ನಿನ ದೊಡ್ಡ ವಿಮಾನನಿಲ್ದಾಣದಲ್ಲಿ 13 ಡಿಗ್ರಿ ಫ್ಯಾರನ್‌ಹೀಟ್ ಎಂದು ದಾಖಲಾಯಿತು. ಸೆಲ್ಸಿಯಸ್‌ನಲ್ಲಿ ಶೂನ್ಯಕ್ಕಿಂತ ಹತ್ತು ಡಿಗ್ರಿಗೂ ಕೆಳಗೆ. 1989ರ ಡಿಸೆಂಬರ್ ಆದಮೇಲೆ ಈ ಊರು ಅಂಥ ಚಳಿ ಕಂಡಿರಲಿಲ್ಲ. ನಲ್ಲಿಯ ಪೈಪು ಒಡೆದು ಗ್ಯಾರೇಜಿನ ಗೋಡೆಯಲ್ಲಿ ನೀರು ಇಳಿಯುತ್ತಿತ್ತು. ಮನೆಯೊಳಗೆ ಮಾತಾಡಿದರೆ ಬಾಯಿಂದ ಹಬೆ. ಟೆಕ್ಸಾಸ್ ತುಂಬ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಗಿತ್ತು. ಚಳಿ ಕಾಯಿಸಿಕೊಳ್ಳಲು ಒಳಗೆ ಇದ್ದಿಲು ಉರಿಸಿ, ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಎಷ್ಟೋ ಜನ ವಿಷಗಾಳಿ ಕುಡಿದು ಸತ್ತರು. ಯಾವ ಕಾರಣಕ್ಕೂ ಅದನ್ನು ಮಾಡಬೇಡಿ. ಒಲೆಯನ್ನು ಅಡುಗೆಗೂ ನೀರಿಗೂ ಬಳಸಿ ಆರಿಸಿಬಿಡಿ, ಮನೆ ಬಿಸಿ ಮಾಡಲು ಹಚ್ಚಿಡಬೇಡಿ.

ನನ್ನ ಸಿಟ್ಟು ಚಳಿಯ ಮೇಲಲ್ಲ. 2011ರ ಫೆಬ್ರವರಿಯಲ್ಲೂ ಇದೇ ರಾಜ್ಯದಲ್ಲಿ ಚಳಿಗೆ ವಿದ್ಯುತ್ ಸ್ಥಾವರಗಳು ನಿಂತಿದ್ದವು. ಯಂತ್ರಗಳಿಗೂ ಅನಿಲದ ಕೊಳವೆಗಳಿಗೂ ಚಳಿ ತಡೆಯುವ ವ್ಯವಸ್ಥೆ ಮಾಡಿಕೊಳ್ಳಿ ಎಂದು ಕೇಂದ್ರದ ವರದಿ ಅದೇ ವರ್ಷ ಹೇಳಿತ್ತು. ಹತ್ತು ವರ್ಷ ಕಳೆದರೂ ಎಷ್ಟೋ ಸ್ಥಾವರಗಳು ಹಾಗೇ ಇದ್ದವು. ಟೆಕ್ಸಾಸಿನ ಜಾಲ ದೇಶದ ಉಳಿದ ಜಾಲಗಳಿಂದ ಹೆಚ್ಚುಕಡಿಮೆ ಬೇರೆಯಾಗಿಯೇ ಇರುವುದರಿಂದ ಹೊರಗಿನಿಂದ ಸಾಕಷ್ಟು ಕರೆಂಟ್ ತರಿಸಿಕೊಳ್ಳಲೂ ಆಗಲಿಲ್ಲ. ನಾವು ಕತ್ತಲಲ್ಲಿ ನಡುಗುತ್ತಿದ್ದಾಗ ಡೌನ್‌ಟೌನಿನ ಖಾಲಿ ಆಫೀಸು ಕಟ್ಟಡಗಳಲ್ಲಿ ದೀಪ ಉರಿಯುತ್ತಿತ್ತು. ಅದನ್ನು ನಾನು ಮರೆಯುವುದಿಲ್ಲ.

ಬಿಸಿಲು ಬಂದ ದಿನ ಬೆಡ್‌ಶೀಟ್ ತೆಗೆದೆ. ಎಲೆಗಳು ಹಸಿರಾಗಿಯೇ ಇದ್ದವು, ಆದರೆ ಎಣ್ಣೆಯಲ್ಲಿ ಅದ್ದಿದಂತೆ ಪಾರದರ್ಶಕ. ಕರಗುತ್ತ ಕರಗುತ್ತ ಕಪ್ಪಾದವು. ಇಡೀ ಅಂಗಳದಲ್ಲಿ ಒಗ್ಗರಣೆಯ ಘಮ. ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳೆಲ್ಲ ಒಡೆದಿದ್ದರಿಂದ ಬಂದ ಘಮ ಅದು. ಅಂಗಳದಲ್ಲೇ ಕೂತು ಅತ್ತೆ.

ಮಾರ್ಚಿನಲ್ಲಿ ಬಡಾವಣೆಯ ಸಂಘದ ಕಚೇರಿಯಿಂದ ನೋಟಿಸು ಬಂತು. ಬೀದಿಗೆ ಕಾಣುವ ಸತ್ತ ಗಿಡಗಳನ್ನು ತೆಗೆಸಿ, ಇಲ್ಲದಿದ್ದರೆ ದಂಡ. ಬೇರು ಬದುಕಿರಬಹುದು, ಮೇ ಕೊನೆಯವರೆಗೆ ಸಮಯ ಕೊಡಿ ಎಂದು ಬರೆದೆ. ಆ ಕಚೇರಿಯ ಮಹಾರಾಯರು ಗಿಡವನ್ನು ನೋಡಲೂ ಬರಲಿಲ್ಲ, ಅದೇ ನೋಟಿಸನ್ನು ಮತ್ತೊಮ್ಮೆ ಕಳಿಸಿದರು. ಡಲ್ಲಾಸ್‌ನಿಂದ ಮೈದುನ ವಿಡಿಯೋದಲ್ಲಿ ನೋಡಿ, ‘ಅತ್ತಿಗೆ, ಅದು ಹೋಯ್ತು ಬಿಡಿ, ಕೀಳಿಸಿಬಿಡಿ’ ಎಂದರು. ಇವರಿಗೆ ಅಷ್ಟೇ ಸಾಕಾಯಿತು. ನಾನು ದೇವಸ್ಥಾನಕ್ಕೆ ಹೋಗಿದ್ದಾಗ ಹುಲ್ಲು ಕತ್ತರಿಸುವವನನ್ನು ಕರೆಸಿ ನುಗ್ಗೆಯನ್ನು ಬುಡಸಮೇತ ತೆಗೆಸಿದರು. ನಾನು ಬಂದಾಗ ಗುದ್ದಲಿ ಕರಿಬೇವಿನ ಹತ್ತಿರ ಬಂದಿತ್ತು. ಅವನಿಗೆ ಕೂಲಿ ಕೊಟ್ಟು ಕಳಿಸಿದೆ. ಕಿತ್ತು ಬಿದ್ದಿದ್ದ ನುಗ್ಗೆಯ ಬೇರನ್ನು ಉಗುರಿನಿಂದ ಕೆರೆದರೆ ಒಳಗೆ ಬೆಳ್ಳಗೆ, ಹಸಿಯಾಗಿ, ಗಟ್ಟಿಯಾಗಿ ಇತ್ತು. ನುಗ್ಗೆ ಬದುಕಿತ್ತು. ಈ ವಿಷಯದಲ್ಲಿ ನಮ್ಮ ಯಜಮಾನರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕರಿಬೇವಿನ ಕಾಂಡವನ್ನು ವಾರಕ್ಕೊಮ್ಮೆ ಕೆರೆದು ನೋಡುತ್ತಿದ್ದೆ. ಮೇಲೆಲ್ಲ ಕಂದು. ಏಪ್ರಿಲ್ ಕೊನೆಗೆ ಮಲ್ಚ್ ಸರಿಸಿದಾಗ ಬುಡದಿಂದ ಕೆಂಪುಮಿಶ್ರಿತ ಹಸಿರಿನ ಚಿಗುರು, ಬೆರಳುದ್ದ. ಅದರ ಫೋಟೋ ಕಳಿಸಿದ ಮೇಲೆ ನೋಟಿಸು ನಿಂತಿತು. ಒಣಗಿದ ಕಾಂಡವನ್ನು ಆಮೇಲಷ್ಟೇ ಕತ್ತರಿಸಿದೆ. ಬೇಸಿಗೆ ಮುಗಿಯುವ ಹೊತ್ತಿಗೆ ಗಿಡ ನನ್ನ ಭುಜಕ್ಕೆ ಬಂದಿತ್ತು. 2022ರ ಡಿಸೆಂಬರಿನ ಚಳಿಗೆ ಮತ್ತೆ ನೆಲಕಚ್ಚಿತು, ಮತ್ತೆ ಚಿಗುರಿತು. 2025ರ ಜನವರಿಯಲ್ಲಿ ಹಿಮ ಬಿದ್ದಾಗ ಬುಡ ಮುಚ್ಚಿ ನಿಶ್ಚಿಂತೆಯಾಗಿ ಮಲಗಿದೆ.

ಹೊಸಬರಿಗೆ ಇನ್ನೂ ಒಂದೆರಡು ಮಾತು. ಕುಂಡದ ಗಿಡವನ್ನು ಮನೆಯೊಳಗೇ ತನ್ನಿ, ಕುಂಡದಲ್ಲಿ ಬೇರಿನ ಸುತ್ತಲೂ ಚಳಿ ಹೊಗುತ್ತದೆ. ಪ್ಲಾಸ್ಟಿಕ್ ಹೊದಿಸಿದರೆ ಅದಕ್ಕೆ ತಾಗಿದ ಎಲೆ ಸುಡುತ್ತದೆ. ಬಟ್ಟೆಯನ್ನು ಕಾಂಡಕ್ಕೆ ಕಟ್ಟಬೇಡಿ, ಬಿಸಿ ಬರುವುದು ನೆಲದಿಂದ, ಅದನ್ನು ಒಳಗೆ ಹಿಡಿಯಬೇಕು. ಕಸಿ ಮಾಡಿದ ನಿಂಬೆ, ಕಿತ್ತಳೆ ಸತ್ತು ಬುಡದಿಂದ ಮೂರೆಲೆಯ ಮುಳ್ಳುಚಿಗುರು ಬಂದರೆ ಅದು ಕೆಳಗಿನ ಗಿಡದ್ದು, ಹಣ್ಣು ಬಾಯಿಗೆ ಇಡಲಾಗದು, ಅದನ್ನು ಕಿತ್ತರೆ ತಪ್ಪಿಲ್ಲ. ಟೊಮ್ಯಾಟೊ ಮಾರ್ಚ್ ಮೊದಲಲ್ಲೇ ನೆಡಿ, ಜೂನ್ ರಾತ್ರಿಗಳ ಸೆಕೆಗೆ ಹೂ ಉದುರುತ್ತದೆ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ ಅಕ್ಟೋಬರಿಗೆ. ಬೆಂಡೆ, ಹೀರೆ, ಬಸಳೆ, ಅಲಸಂದೆಗೆ ಇಲ್ಲಿನ ಬೇಸಿಗೆ ತವರುಮನೆ.

ಡಲ್ಲಾಸ್‌ನ ಮೈದುನ ಈಗ ನನ್ನ ಕರಿಬೇವಿನ ಬುಡದ ಮರಿ ಕೇಳುತ್ತಿದ್ದಾರೆ. ಕೊಡುವ ಹಾಗಿಲ್ಲ. ನಿಂಬೆ ಜಾತಿಯ ಗಿಡಗಳನ್ನು ಕೊಲ್ಲುವ ಗ್ರೀನಿಂಗ್ ರೋಗವನ್ನು ಹರಡುವ ಪುಟ್ಟ ಕೀಟ ಕರಿಬೇವಿನ ಮೇಲೂ ಕೂರುತ್ತದೆ. ಹ್ಯೂಸ್ಟನ್ ಸುತ್ತಮುತ್ತ ಆ ರೋಗದ ಕ್ವಾರಂಟೈನ್ ಇರುವುದರಿಂದ ಗಿಡವನ್ನು ಹೊರಗೆ ಒಯ್ಯುವಂತಿಲ್ಲ. ಸಂಕ್ರಾಂತಿಗೆ ಬನ್ನಿ, ಇಲ್ಲೇ ಊಟ ಮಾಡಿ ಎಂದಿದ್ದೇನೆ.