ಯಂತ್ರ ಹಾಲು ಕರೆಯಲಿ, ಕೆಚ್ಚಲು ನೋಯದಿರಲಿ

ಕರು ಹಾಲು ಕುಡಿಯೋದನ್ನು ನೀವು ನೋಡಿದ್ದೀರಿ. ಚೀಪುತ್ತದೆ, ನುಂಗುತ್ತದೆ, ಮತ್ತೆ ಚೀಪುತ್ತದೆ. ಅದು ನುಂಗುವಷ್ಟು ಹೊತ್ತು ಹಸುವಿನ ಮೊಲೆಗೆ ಬಿಡುವು.

ಹಾಲು ಕರೆಯುವ ಯಂತ್ರವೂ ಹೀಗೇ ಬಿಡುವು ಕೊಡಬೇಕು. 1889ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಮರ್ಚ್‌ಲ್ಯಾಂಡ್ ಮಾಡಿದ ಯಂತ್ರ ಒಂದೇ ಸಮನೆ ಎಳೆಯುತ್ತಿತ್ತು. ಹಾಗೆ ಎಳೆದರೆ ಮೊಲೆಯ ತುದಿಯಲ್ಲಿ ರಕ್ತ ಕಟ್ಟಿ ಊದಿಕೊಳ್ಳುತ್ತದೆ. 1895ರಲ್ಲಿ ಅದೇ ದೇಶದ ಅಲೆಕ್ಸಾಂಡರ್ ಶೀಲ್ಸ್ ಎಳೆತದ ನಡುವೆ ಬಿಡುವು ಕೊಡುವ ಸಾಧನ ಮಾಡಿದರು. ಇದೇ ಪಲ್ಸೇಟರ್.

ಈಗಿನ ಯಂತ್ರದಲ್ಲಿ ಮೊಲೆಗೆ ಹಾಕುವ ಬಟ್ಟಲಿನೊಳಗೆ ರಬ್ಬರ್ ಕೊಳವೆ ಇರುತ್ತದೆ. ಅದು ತೆರೆದಾಗ ಹಾಲು ಬರುತ್ತದೆ. ಮುಚ್ಚಿದಾಗ ಮೊಲೆಯನ್ನು ಮೆಲ್ಲಗೆ ಒತ್ತುತ್ತದೆ. ನಿಮಿಷಕ್ಕೆ ಸುಮಾರು 60 ಸಲ ಹೀಗಾಗುತ್ತದೆ.

ಬಿಡುವು ತಪ್ಪಿದರೆ ಏನಾಗುತ್ತದೆ? ಮೊಲೆಯ ತುದಿ ಗಾಯವಾಗುತ್ತದೆ. ರೋಗಾಣು ಒಳಗೆ ಹೋಗುತ್ತದೆ. ಕೆಚ್ಚಲು ಬಾವು ಬರುತ್ತದೆ. ನೋವಾದ ಹಸು ಒದೆಯುತ್ತದೆ, ಸೊರೆ ಬಿಡುವುದಿಲ್ಲ. ಹಾಲು ಕಡಿಮೆಯಾಗುತ್ತದೆ. ಬಾವು ಜೋರಾದರೆ ಆ ಮೊಲೆ ಬತ್ತಿಯೇ ಹೋಗಬಹುದು.

ಆದ್ದರಿಂದ ನೀವೇ ಪರೀಕ್ಷೆ ಮಾಡಿ:

1. ಮೀಟರ್ ಓದಿ. ಎಳೆತ ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ ಇರುತ್ತದೆ. ಯಂತ್ರದ ಪುಸ್ತಕದಲ್ಲಿರುವ ಅಂಕಿಗೆ ಹೋಲಿಸಿ. ಪುಸ್ತಕ ಬೇರೆ ಭಾಷೆಯಲ್ಲಿದ್ದರೂ ಅಂಕಿ ನಿಮಗೆ ಗೊತ್ತು.

2. ಗಡಿಯಾರ ನೋಡುತ್ತಾ ಪಲ್ಸೇಟರಿನ ಟಿಕ್ ಟಿಕ್ ಎಣಿಸಿ. ಬಟ್ಟಲಿನೊಳಗೆ ಹೆಬ್ಬೆರಳು ಇಡಿ. ಒತ್ತುವುದು, ಬಿಡುವುದು ಎರಡೂ ಗೊತ್ತಾಗಬೇಕು.

3. ರಬ್ಬರ್ ನೋಡಿ. ಬಿರುಕು ಬಿಟ್ಟಿದ್ದರೆ ಕೂಡಲೇ ಬದಲಿಸಿ. ಚೆನ್ನಾಗಿ ಕಂಡರೂ ಸುಮಾರು 2,500 ಸಲ ಕರೆದ ಮೇಲೆ ಬದಲಿಸಬೇಕು.

4. ಕೆಚ್ಚಲು ತೊಳೆದು ಒರೆಸಿ. ಹಸು ಸೊರೆ ಬಿಟ್ಟ ಮೇಲೆ ಬಟ್ಟಲು ಹಾಕಿ. ಹಾಲು ನಿಂತ ಮೇಲೆ ಎಳೆಯಲು ಬಿಡಬೇಡಿ. ಮೊದಲು ಎಳೆತ ನಿಲ್ಲಿಸಿ, ಆಮೇಲೆ ಬಟ್ಟಲು ತೆಗೆಯಿರಿ.

ಬಟ್ಟಲು ತೆಗೆದ ಕೂಡಲೇ ಮೊಲೆ ನೋಡಿ. ಕೆಂಪಾಗಿದೆಯೇ? ನೀಲಿಯಾಗಿದೆಯೇ? ಗಟ್ಟಿಯಾಗಿದೆಯೇ? ಹಾಗಿದ್ದರೆ ಹಸುವನ್ನು ಬೈಯಬೇಡಿ, ಯಂತ್ರ ತೋರಿಸಿ. ಹಾಲಿನಲ್ಲಿ ಗರಣೆ ಬಂದರೆ, ಕೆಚ್ಚಲು ಬಿಸಿಯಾಗಿ ಊದಿದ್ದರೆ ದನದ ಡಾಕ್ಟರನ್ನು ಕರೆಸಿ.

ಲೆಕ್ಕ ಮಾಡಿ: ಲಕ್ಷ್ಮಕ್ಕನ ಕೊಟ್ಟಿಗೆಯಲ್ಲಿ 10 ಹಸು. ಒಂದೇ ಜೊತೆ ಬಟ್ಟಲು. ದಿನಕ್ಕೆ ಎರಡು ಹೊತ್ತು ಕರೆದರೆ 20 ಸಲ ಆಯಿತು. 2,500ನ್ನು 20ರಿಂದ ಭಾಗಿಸಿ. ಎಷ್ಟು ದಿನಕ್ಕೆ ರಬ್ಬರ್ ಬದಲಿಸಬೇಕು?

ಉತ್ತರ: 125 ದಿನ. ಅಂದರೆ ಸುಮಾರು ನಾಲ್ಕು ತಿಂಗಳು.

ಈಗ ನಿಮ್ಮ ಮನೆಯ ಲೆಕ್ಕ ಮಾಡಿ. ರಬ್ಬರ್ ಬದಲಿಸಬೇಕಾದ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.