ಮುಪ್ಪಿನಲ್ಲೂ ಮಾತು ನಿಲ್ಲದಿರಲಿ

ವಾಕ್ಯಭಾಗ: 2 ಸಮುವೇಲ 19:31-39, ಲೂಕ 2:36-38, ಅಪೊಸ್ತಲರ ಕೃತ್ಯಗಳು 6:1-7

ಯೌವನಸ್ಥರ ಕೂಟದಲ್ಲಿ ಮುಪ್ಪಿನ ಬಗ್ಗೆ ಯಾಕೆ ಪ್ರಸಂಗ ಅಂತ ನಿಮಗೆ ಅನ್ನಿಸಬಹುದು. ಪ್ರಿಯರೇ, ಕರ್ತನು ಆಯುಷ್ಯ ಕೊಟ್ಟರೆ ನಾವೂ ಆ ದಾರಿಗೇ ಬರುವವರು. ನಮ್ಮ ಸಭೆಯ ಹಿಂದಿನ ಸಾಲಿನಲ್ಲಿ ಕೂತಿರೋ ಅಜ್ಜಿಯರು ಆಗಲೇ ಆ ದಾರಿಯಲ್ಲಿ ಇದ್ದಾರೆ.

ಇವತ್ತು ಮೂರು ವಿಷಯ ನೋಡೋಣ.

1. ಶ್ರೀಮಂತ ಮುದುಕ ಬರ್ಜಿಲ್ಲೈ

ಅಬ್ಷಾಲೋಮನಿಂದ ತಪ್ಪಿಸಿಕೊಂಡು ದಾವೀದನು ಮಹನಯಿಮಿಗೆ ಬಂದಾಗ ಹಾಸಿಗೆ, ಪಾತ್ರೆ, ಗೋಧಿ, ಜೇನು, ಕುರಿಗಳನ್ನು ತಂದುಕೊಟ್ಟವರಲ್ಲಿ ಇವನೂ ಒಬ್ಬ. ಆಗ ವಯಸ್ಸು 80. ಯುದ್ಧ ಮುಗಿದ ಮೇಲೆ ಅರಸನು, ನನ್ನ ಜೊತೆ ಯೆರೂಸಲೇಮಿಗೆ ಬಾ, ನಾನು ನೋಡಿಕೊಳ್ತೀನಿ ಅಂತ ಕರೆದನು. ಬರ್ಜಿಲ್ಲೈ ಏನಂದ? ನನಗೆ ಊಟದ ರುಚಿ ತಿಳಿಯದು, ಹಾಡು ಸರಿಯಾಗಿ ಕೇಳಿಸದು, ನನ್ನ ಊರಲ್ಲೇ ಇರ್ತೀನಿ. ಬೇಕಾದರೆ ಕಿಮ್ಹಾಮನನ್ನು ಕರ್ಕೊಂಡು ಹೋಗು ಅಂದ. ತನ್ನ ಬಲಹೀನತೆಯನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಗೊಣಗಲೂ ಇಲ್ಲ. ತನಗೆ ಸಿಕ್ಕ ಅವಕಾಶವನ್ನು ಚಿಕ್ಕವನ ಕೈಗೆ ಕೊಟ್ಟ. ಸಂತೋಷವಾಗಿ ವಯಸ್ಸಾಗೋದು ಅಂದ್ರೆ ಇದೇ ಅಲ್ವಾ?

2. ಏನೂ ಇಲ್ಲದ ಅನ್ನಳು

ಬರ್ಜಿಲ್ಲೈಗೆ ಆಸ್ತಿ ಇತ್ತು. ಅನ್ನಳಿಗೆ? ಗಂಡನ ಜೊತೆ ಬಾಳಿದ್ದು 7 ವರ್ಷ ಮಾತ್ರ. ಆಮೇಲೆ 84 ವಯಸ್ಸಿನ ತನಕ ವಿಧವೆ. ಆದರೂ ಅವಳು ಮೂಲೆ ಸೇರಲಿಲ್ಲ. ಹಗಲಿರುಳು ದೇವಾಲಯದಲ್ಲಿ, ಜನರ ಮಧ್ಯದಲ್ಲಿ ಇದ್ದಳು. ಕೂಸಾದ ಯೇಸುವನ್ನು ನೋಡಿದ ಕೂಡಲೇ ಬಿಡುಗಡೆಗಾಗಿ ಕಾದಿದ್ದ ಎಲ್ಲರಿಗೂ ಹೇಳಿದಳು. ಗಮನಿಸಿ, ಅವಳಿಗೆ ಕೇಳುವವರು ಇದ್ದರು. ಹಿರಿಯರು ಮಾತಾಡಬೇಕಾದರೆ ಯಾರಾದರೂ ಕಿವಿ ಕೊಡಬೇಕು.

3. ಬರೀ ‘ಪಾಸಿಟಿವ್ ಆಗಿರಿ’ ಅಂದರೆ ಸಾಲದು

ಬೆಂಗಳೂರನ್ನೇ ನೋಡಿ. ಒಬ್ಬ ಅಂಕಲ್ ರಿಟೈರ್ ಆದರು. ಪೆನ್ಷನ್ ಇದೆ, ಪಾರ್ಕಿನಲ್ಲಿ ವಾಕಿಂಗ್ ಗೆಳೆಯರಿದ್ದಾರೆ. ಅದೇ ಅಪಾರ್ಟ್‌ಮೆಂಟಿನಲ್ಲಿ ನೆಲ ಒರೆಸೋ ಅಜ್ಜಿಗೂ ಅದೇ ವಯಸ್ಸು. ಅವರಿಗೆ ರಿಟೈರ್‌ಮೆಂಟೇ ಇಲ್ಲ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40. ಅಷ್ಟರಲ್ಲಿ ಮಾತ್ರೆ ತಗೋಬೇಕಾ, ಹಾಲು ತಗೋಬೇಕಾ? ಅಂಥವರ ಹತ್ತಿರ ಹೋಗಿ, ನಗ್ತಾ ಇರಿ ಅಜ್ಜಿ ಅಂತ ಹೇಳಿ ಬಂದುಬಿಟ್ಟರೆ ಅದು ಪ್ರೀತಿ ಆಗುತ್ತಾ?

ಆದಿಸಭೆಯಲ್ಲೂ ಇದೇ ಸಮಸ್ಯೆ ಬಂತು. ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಿದರು. ಅಪೊಸ್ತಲರು ಆ ತಾಯಂದಿರಿಗೆ ಗೊಣಗಬೇಡಿ, ಪ್ರಾರ್ಥನೆ ಮಾಡಿ ಅಂತ ಹೇಳಿ ಕಳಿಸಲಿಲ್ಲ. ಏಳು ಜನರನ್ನು ನೇಮಿಸಿದರು. ಆ ಏಳು ಹೆಸರೂ ಗ್ರೀಕ್ ಹೆಸರುಗಳೇ! ಯಾರಿಗೆ ಅನ್ಯಾಯವಾಯಿತೋ ಅವರ ಭಾಷೆ ಬಲ್ಲವರ ಕೈಗೇ ಬಡಿಸುವ ಕೆಲಸ ಹೋಯಿತು ಅನ್ನಿಸುತ್ತೆ. ಮುಂದಿನ ವಚನ ಓದಿ: ದೇವರ ವಾಕ್ಯ ಹಬ್ಬಿತು. ಹಲ್ಲೆಲೂಯಾ! ಪಂಕ್ತಿ ಸರಿಯಾಯಿತು, ಸಭೆ ಬೆಳೆಯಿತು.

ಹಾಗಾದರೆ ನಾವೇನು ಮಾಡೋಣ?

ಮೊದಲನೆಯದು, ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರ ಪಕ್ಕ ಹತ್ತು ನಿಮಿಷ ಕೂತ್ಕೊಳ್ಳಿ. ‘ಊಟ ಆಯ್ತಾ ಅಮ್ಮಾ?’ ಅಂತ ಕೇಳಿ ಎದ್ದು ಬರಬೇಡಿ. ನೀವು ರಕ್ಷಣೆ ಹೊಂದಿದ್ದು ಹೇಗೆ, ಕಷ್ಟದಲ್ಲಿ ಹೇಗೆ ನಿಂತಿರಿ ಅಂತ ಕೇಳಿ.

ಎರಡನೆಯದು, ಅವರಿಗೊಂದು ಜವಾಬ್ದಾರಿ ಕೊಡಿ. ಸಾಕ್ಷಿ ಹೇಳಲಿ, ಸಂಡೇ ಸ್ಕೂಲ್ ಮಕ್ಕಳಿಗೆ ಹಳೇ ಹಾಡು ಕಲಿಸಲಿ. ನಮ್ಮ ಹಾಡುಗಳೆಲ್ಲ ಇಂಗ್ಲಿಷಿನಲ್ಲೇ ಇದ್ದರೆ ಅವರು ಹೇಗೆ ಬಾಯಿ ತೆರೆಯೋದು?

ಮೂರನೆಯದು, ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆಯಲ್ಲಾ, ಅದನ್ನ ಅವರಿಗಾಗಿ ಉಪಯೋಗಿಸಿ. ಪಿಂಚಣಿ ಅರ್ಜಿ ತುಂಬಿಸಿ. ಪಾತ್ರೆ ತೊಳೆದು ಬೆರಳು ಸವೆದವರಿಗೆ ಆಧಾರ್ ಮೆಷಿನ್ ಹೆಬ್ಬೆಟ್ಟು ತಗೊಳ್ಳದೆ ಇರಬಹುದು; ಜೊತೆಗೆ ಹೋಗಿ ನಿಲ್ಲಿ. ಹಿರಿಯರ ಸಹಾಯವಾಣಿ 14567, ಅದನ್ನ ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ.

ಕೊನೆಯದಾಗಿ, ನಿಮ್ಮ ಮುಪ್ಪನ್ನ ಈಗಲೇ ಬಿತ್ತಿ. ಇಪ್ಪತ್ತೈದರಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದವರಿಗೆ ಎಪ್ಪತ್ತೈದರಲ್ಲಿ ಬಾಗಿಲು ತಟ್ಟುವವರು ಎಲ್ಲಿಂದ ಬರ್ತಾರೆ?

ಪ್ರಾರ್ಥಿಸೋಣ: ಪರಲೋಕದ ತಂದೆಯೇ, ನರೆ ಬಂದವರನ್ನು ಕೈಬಿಡದ ದೇವರು ನೀನು. ನಮ್ಮ ಸಭೆಯಲ್ಲಿ ಯಾವ ಅನ್ನಳೂ ಕೇಳುವವರಿಲ್ಲದೆ ಕೂರದಂತೆ ನಮಗೆ ಕಿವಿ ಕೊಡು, ಕೈ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.